ನೋಡೋಣ ಎಂದವರು

ಹೊಲಿಗೆ ಯಂತ್ರದ ಸದ್ದು ನಿಂತಿತು. ಅದುವರೆಗೆ ಪ್ರಶ್ನೆಗಳ ನಡುವೆಯೂ ಉತ್ತರಗಳ ನಡುವೆಯೂ ಅದು ಓಡುತ್ತಲೇ ಇತ್ತು. ಹದಿನಾಲ್ಕನೆಯ ಪ್ರಶ್ನೆ ಬಂದಾಗ ಮಾತ್ರ ನಿಂತಿತು. "ನಿಮ್ಮ ಮನೇಲಿ ಯಾರಿಗಾದ್ರೂ ಜ್ವರ ಬಂದ್ರೆ ಅವರನ್ನ ಆರೈಕೆ ಕೇಂದ್ರಕ್ಕೆ ಕಳಿಸ್ತೀರಾ?" ಕೋಡಕ್ಕ ಕಿವಿಗೆ ಹೆಡ್‌ಫೋನು ಹಾಕಿಕೊಂಡು, ರೆಕಾರ್ಡಿಂಗಿಗೂ ಬರಹಕ್ಕೂ ತಾಳೆ ನೋಡಲು ಮೇಜಿನ ಮೇಲಿದ್ದ ಫಾರಂ ಮೇಲೆ ಬೆರಳಿಟ್ಟು, ಹನ್ನೆರಡು ದಿನದ ಹಿಂದೆ ಯಾರದೋ ಮನೆಯಲ್ಲಿ ಬಂದಿದ್ದ ಉತ್ತರಕ್ಕೆ ಕಾಯುತ್ತಿದ್ದಳು.

"ನೋಡೋಣ," ಎಂದಿತು ಒಂದು ಹೆಣ್ಣು ದನಿ. ಸ್ವಲ್ಪ ತಡೆದು, "ಯಾವಾಗ ಬರ್ಲಿ?" ಎಂದಿತು.

ಕೋಡಕ್ಕ ರೆಕಾರ್ಡಿಂಗನ್ನು ಹಿಂದಕ್ಕೆ ಓಡಿಸಿ ಮತ್ತೆ ಕೇಳಿದಳು. "ನೋಡೋಣ. ಯಾವಾಗ ಬರ್ಲಿ? ಒಳಗೆ ಮಂಚ ಹಾಕಿದಾರೋ, ನೆಲದ ಮೇಲೆ ಮಲಗಿಸ್ತಾರೋ, ನೀರು ಕೇಳಿದ್ರೆ ಕೊಡೋರು ಇದಾರೋ, ಒಂದ್ಸಲ ಕಣ್ಣಾರೆ ನೋಡ್ಕೊಂಡು ಬಂದ್ಬಿಟ್ರೆ ಆಮೇಲೆ ಯಾರಿಗೆ ಜ್ವರ ಬಂದ್ರೂ ನಾನೇ ಕರ್ಕೊಂಡ್ ಬರ್ತೀನಿ." ಅಷ್ಟು ಹೇಳಿದ ಮೇಲೆ ಯಂತ್ರ ಮತ್ತೆ ಓಡತೊಡಗಿತು.

ಫಾರಂನಲ್ಲಿ ಹದಿನಾಲ್ಕನೆಯ ಪ್ರಶ್ನೆಯ ಎದುರು ಮೂರು ಚೌಕಗಳಿದ್ದವು. ಒಂದು, ಕಳಿಸುತ್ತೇವೆ. ಎರಡು, ಗೊತ್ತಿಲ್ಲ. ಮೂರು, ಕಳಿಸುವುದಿಲ್ಲ. ಪ್ರಶ್ನೆ ಕೇಳಿದವರು ನೀಲಿ ಶಾಯಿಯಲ್ಲಿ ಒಂದಕ್ಕೆ ಗುರುತು ಹಾಕಿ, ಅಂಚಿನಲ್ಲಿ ದುಂಡಗೆ ಬರೆದಿದ್ದರು: 'ಒಳಗೆ ಹೇಗಿದೆ ಎಂದು ಮೊದಲು ನೋಡಬೇಕಂತೆ. ಕಳಿಸಲು ಒಪ್ಪಿಗೆ ಇದೆ.' ಆ ಗುರುತನ್ನು ಯಾರೋ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಮೂರಕ್ಕೆ ಗುರುತು ಮಾಡಿದ್ದರು. ಅಂಚಿನ ಬರಹದ ಮೇಲೂ ಒಂದು ಗೆರೆ ಎಳೆದು, ಕೆಳಗೆ 'ನಿಯಮ ಏಳು ನೋಡಿ' ಎಂದು ಬರೆದು ಚಿಕ್ಕದೊಂದು ಸಹಿ ಹಾಕಿದ್ದರು. ಯಾರೋ ಏನು, ಆ ಇಡೀ ಕಚೇರಿಯಲ್ಲಿ ಕೆಂಪು ಶಾಯಿಯ ಪೆನ್ನು ಇದ್ದದ್ದು ಒಬ್ಬಳ ಬಳಿ. ಅದು ಈಗಲೂ ದಾರ ಕಟ್ಟಿಕೊಂಡು ಕೋಡಕ್ಕನ ಕೊರಳಲ್ಲೇ ತೂಗಾಡುತ್ತಿತ್ತು.

ಅದನ್ನು ನೋಡಿದ ಮೇಲೆ ಕೋಡಕ್ಕ ಮೊದಲು ಮಾಡಿದ ಕೆಲಸ ಅಂಥ ದೊಡ್ಡತನದ್ದಲ್ಲ. ತಲೆಯೆತ್ತಿ ಯಾರಾದರೂ ತನ್ನ ಕಡೆ ನೋಡುತ್ತಿದ್ದಾರೆಯೇ ಎಂದು ಪರೀಕ್ಷಿಸಿದಳು. ಯಾರೂ ನೋಡುತ್ತಿರಲಿಲ್ಲ. ಆ ಫಾರಂ ತೆಗೆದು ಕಟ್ಟಿನ ಅಡಿಗೆ ಸೇರಿಸಿದಳು. ಆಮೇಲೆ ನೀರು ಕುಡಿದಳು.

ಅವಳಿಗೆ ಕೋಡಕ್ಕ ಎಂಬ ಹೆಸರು ಬಂದದ್ದು ಈ ಕೆಲಸದಿಂದಲೇ. ಊರಿಗೆ ಜ್ವರ ನುಗ್ಗಿದ ಮೇಲೆ ನಗರಸಭೆಯ ಗ್ರಂಥಾಲಯದ ಓದುವ ಹಾಲನ್ನು ಖಾಲಿ ಮಾಡಿಸಿ ರೋಗ ನಿಯಂತ್ರಣ ಕಚೇರಿ ಮಾಡಿದ್ದರು. 'ಮೌನವಾಗಿರಿ' ಎಂಬ ಹಳೇ ಫಲಕದ ಕೆಳಗೆ ದಿನವಿಡೀ ಫೋನುಗಳು ಹೊಡೆದುಕೊಳ್ಳುತ್ತಿದ್ದವು. ಒಂದು ಮೂಲೆಯಲ್ಲಿ ಸಮಾಜ ಅಧ್ಯಯನ ವಿಭಾಗ. ಜನ ಏನು ನಂಬುತ್ತಾರೆ, ಏನಕ್ಕೆ ಹೆದರುತ್ತಾರೆ, ಯಾಕೆ ಬರುವುದಿಲ್ಲ ಎಂದು ಮನೆಮನೆಗೆ ಹೋಗಿ ಕೇಳಿಸಿ, ಬಂದ ಮಾತನ್ನೆಲ್ಲ ಸಂಖ್ಯೆಗಳ ಕೋಡ್ ಆಗಿ ಮಾಡಿ ವೈದ್ಯರ ಕೈಗೆ ಕೊಡುವುದು ಅವಳ ಹೊಣೆ. ವೈದ್ಯರು ಇದನ್ನು ಹರಟೆ ವಿಭಾಗ ಎಂದು ಕರೆಯುತ್ತಿದ್ದರು. 'ಇದಕ್ಕೇನು ಕೋಡು? ಅದಕ್ಕೇನು ಕೋಡು?' ಎಂದು ದಿನಕ್ಕೆ ನೂರು ಸಲ ಕೇಳುವವಳಿಗೆ ಕೈಕೆಳಗಿನವರು ಕೋಡಕ್ಕ ಎಂದು ಹೆಸರಿಟ್ಟರು. ತಲೆಯ ಮೇಲಿನ ಕೋಡೂ ಅದರಲ್ಲಿ ಸೇರಿದೆ ಎಂದು ಅವಳಿಗೆ ಗೊತ್ತಿತ್ತು. ಒಳಗೊಳಗೆ ಖುಷಿಯೇ ಆಗಿತ್ತು.

ನಿಯಮ ಏಳು ಹುಟ್ಟಿದ್ದು ತರಬೇತಿಯ ದಿನ. ಹನ್ನೆರಡು ಜನ ಕುರ್ಚಿ ಎಳೆದುಕೊಂಡು ಕೂತಿದ್ದರು. ಅವರಲ್ಲಿ ಹಿರಿಯರೆಂದರೆ ಆಪರೇಟರಮ್ಮ. ಇಪ್ಪತ್ತಾರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಊರಿನವರ ದನಿ ಕೇಳಿದವರು, ಅದು ಮುಚ್ಚಿದ ಮೇಲೆ ಹೀಗೆ ಜನಗಣತಿ, ಸಮೀಕ್ಷೆ ಎಂದು ಓಡಾಡಿಕೊಂಡಿದ್ದರು. ಅವರೇ ಕೈಯೆತ್ತಿ ಕೇಳಿದ್ದು, "ಮೇಡಂ, ನೋಡೋಣ ಅಂದ್ರೆ ಯಾವುದಕ್ಕೆ ಹಾಕೋದು?"

"ಮೂರಕ್ಕೆ," ಎಂದಿದ್ದಳು ಕೋಡಕ್ಕ ತಡಮಾಡದೆ. "ನೋಡೋಣ ಅಂದ್ರೆ ಇಲ್ಲ ಅಂತಲೇ. ನಮ್ಮಲ್ಲಿ ಯಾರು ಮುಖಕ್ಕೆ ಹೊಡೆದ ಹಾಗೆ ಇಲ್ಲ ಅಂತಾರೆ ಹೇಳಿ. ನಂಗೊಂದು ಸೈಕಲ್ ಕೊಡಿಸಿ ಅಂದಾಗ ನಮ್ಮಪ್ಪ ನೋಡೋಣ ಅಂದಿದ್ರು. ಮೂವತ್ತೈದು ವರ್ಷ ಆಯ್ತು. ಇನ್ನೂ ನೋಡ್ತಾನೇ ಇದಾರೆ."

ಎಲ್ಲರೂ ನಕ್ಕರು. ಆಪರೇಟರಮ್ಮನೂ ನಕ್ಕರು. ನಗು ಇಳಿದ ಮೇಲೆ, "ಆದ್ರೂ ಹೇಗೆ ಅಂದ್ರು ಅನ್ನೋದ್ರ ಮೇಲೆ ಹೋಗುತ್ತಲ್ವಾ ಮೇಡಂ?" ಎಂದರು.

"ಹೇಗೆ ಅನ್ನೋದಕ್ಕೆ ಕೋಡಿಲ್ಲ," ಎಂದಳು ಕೋಡಕ್ಕ. ಮತ್ತೊಮ್ಮೆ ನಗು. 'ನೋಡೋಣ' ಅಂದರೆ ಮೂರು ಎಂಬುದನ್ನು ಬೋರ್ಡಿನ ಮೇಲೆ ಏಳನೆಯ ನಿಯಮ ಎಂದು ಬರೆದೂ ಆಯಿತು. ಎಂಟನೆಯದು ಊಟದ ಸಮಯದಲ್ಲಿ ಯಾರ ಬಾಗಿಲನ್ನೂ ತಟ್ಟಬಾರದು ಎಂಬುದಾಗಿತ್ತು.

ಕಚೇರಿ ಶುರುವಾದ ಆರು, ಏಳು, ಎಂಟನೆಯ ದಿನಗಳಲ್ಲಿ ಸಮೀಕ್ಷೆ ನಡೆಯಿತು. ಒಂಬತ್ತನೆಯ ದಿನ ಕೋಡಕ್ಕ ಊರಿನ ನಕ್ಷೆಯ ಮೇಲೆ ಬಣ್ಣ ತುಂಬಿ ವೈದ್ಯರ ಮುಂದೆ ಹಿಡಿದಳು. ರೈಲ್ವೆ ಗೂಡ್ಸ್ ಶೆಡ್ಡಿನ ಹಿಂದಿನ ಬೀದಿ ಕಡುಗೆಂಪಾಗಿತ್ತು. ನೂರ ಅರವತ್ತು ಮನೆ, ನೂರ ಹದಿನಾಲ್ಕು 'ಕಳಿಸುವುದಿಲ್ಲ', ಶೇಕಡಾ ಎಪ್ಪತ್ತೊಂದು. ಅಲ್ಲಿಯವರೆಗೆ ಹರಟೆ ವಿಭಾಗ ಎನ್ನುತ್ತಿದ್ದ ಮುಖ್ಯ ವೈದ್ಯರು ಕನ್ನಡಕ ತೆಗೆದು ನಕ್ಷೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದರು. "ಬೇಡ ಅನ್ನೋರ ಬೀದೀಲಿ ಗಾಡಿ ನಿಲ್ಲಿಸಿಕೊಂಡು ಏನ್ಮಾಡೋದು. ಇರೋದೇ ಮೂರು ಆಂಬುಲೆನ್ಸು. ಬೇಕು ಅನ್ನೋರ ಕಡೆ ಕಳಿಸೋಣ." ಅದೇ ಸಂಜೆ ಗೂಡ್ಸ್ ಶೆಡ್ ಮೂಲೆಯಲ್ಲಿ ನಿಲ್ಲುತ್ತಿದ್ದ ಗಾಡಿ ಹಳಿ ದಾಟಿ ಊರಿನ ಆಚೆ ಬದಿಗೆ ಹೋಯಿತು. ತನ್ನ ವಿಭಾಗದ ಮಾತಿಗೆ ಗಾಡಿಯೊಂದು ಜಾಗ ಬದಲಿಸಿದ್ದನ್ನು ಕೋಡಕ್ಕ ಆ ದಿನ ಅಮ್ಮನಿಗೂ ಫೋನು ಮಾಡಿ ಹೇಳಿಕೊಂಡಿದ್ದಳು.

ಆಪರೇಟರಮ್ಮ ಪ್ರಶ್ನೆ ಕೇಳಿದ್ದ ಆ ಹೊಲಿಗೆಯ ಮನೆಯ ಸಂಖ್ಯೆ ಐವತ್ತೆರಡು. ಅದನ್ನು ಎಲ್ಲೋ ಕಂಡ ನೆನಪು. ಎಲ್ಲಿ ಎಂಬುದೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅರ್ಧ ಗಂಟೆ ಬೇರೆ ಏನೇನೋ ಕಾಗದ ತಿರುವಿ ಹಾಕಿದಳು. ಕೊನೆಗೆ ಎದ್ದುಹೋಗಿ ಮನೆಯಲ್ಲೇ ಸತ್ತವರ ಪಟ್ಟಿಯ ಕಡತ ತಂದಳು. ಹದಿಮೂರನೆಯ ದಿನ, ಗೂಡ್ಸ್ ಶೆಡ್ ಹಿಂದಿನ ಬೀದಿ, ಮನೆ ಐವತ್ತೆರಡು, ಗಂಡಸು, ಐವತ್ತೆಂಟು ವರ್ಷ, ದರ್ಜಿ. ಕರೆ ಬಂದದ್ದು ಬೆಳಿಗ್ಗೆ ಏಳೂವರೆ. ಗಾಡಿ ತಲುಪಿದ್ದು ಹನ್ನೊಂದು ಐವತ್ತು. ಕೊನೆಯ ಅಂಕಣದಲ್ಲಿ ಯಾರೋ ಬರೆದಿದ್ದರು: 'ಕುಟುಂಬ ಕೇಂದ್ರಕ್ಕೆ ಕಳಿಸಲು ನಿರಾಕರಿಸಿದ ಹಿನ್ನೆಲೆ ಇದೆ.' ಅದನ್ನು ಅವರು ಕೋಡಕ್ಕನ ನಕ್ಷೆ ನೋಡಿಯೇ ಬರೆದಿದ್ದರು.

ಗಾಡಿ ಮೂಲೆಯಲ್ಲೇ ನಿಂತಿದ್ದರೆ ಆತ ಬದುಕುತ್ತಿದ್ದನೇ? ಯಾರಿಗೂ ಗೊತ್ತಿಲ್ಲ. ಕೇಂದ್ರಕ್ಕೆ ಬಂದವರಲ್ಲೂ ಹೋದವರು ಇದ್ದಾರೆ. ಈ ಮಾತನ್ನು ಕೋಡಕ್ಕ ತನಗೆ ತಾನೇ ನಾಲ್ಕೈದು ಸಲ ಹೇಳಿಕೊಂಡಳು. ಪ್ರತಿ ಸಲವೂ ಅದು ನಿಜವಾಗಿಯೇ ಇತ್ತು, ಒಮ್ಮೆಯೂ ಉಪಯೋಗಕ್ಕೆ ಬರಲಿಲ್ಲ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಗಿ, ಹೆಡ್‌ಫೋನು ತೆಗೆದಿಟ್ಟರೂ ಅದು ಇನ್ನೂ ಅಲ್ಲೇ ಇದ್ದಂತಿತ್ತು.

ಅವಳು ಆ ಬೀದಿಯ ಕಟ್ಟು ಬಿಚ್ಚಿದಳು. ತಾನು ಕೆಂಪು ಶಾಯಿಯಲ್ಲಿ ತಿದ್ದಿದ್ದವು, ಅಥವಾ ಸಂದರ್ಶಕರೇ ನಿಯಮಕ್ಕೆ ಹೆದರಿ ಮೂರಕ್ಕೆ ಹಾಕಿದ್ದವು, ಒಟ್ಟು ಎಂಬತ್ತಮೂರು 'ನೋಡೋಣ'ಗಳು. ಒಂದೊಂದನ್ನೂ ಹುಡುಕಿ ಹದಿನಾಲ್ಕನೆಯ ಪ್ರಶ್ನೆಗೆ ಓಡಿಸಿ ಕೇಳಿದಳು. ಕೆಲವರು "ನೋಡೋಣ ನೋಡೋಣ" ಎಂದು ಎರಡೆರಡು ಸಲ ಅಂದು ಬಾಗಿಲು ಹಾಕಿಕೊಂಡಿದ್ದರು. ಅದು ಅವಳ ಅಪ್ಪನ ನೋಡೋಣ. ಅಂಥವು ಹತ್ತೊಂಬತ್ತು. ಉಳಿದವರು ಒಂದೇ ಸಲ, ಗಟ್ಟಿಯಾಗಿ ಅಂದಿದ್ದರು. ಅಂದ ಮೇಲೆ ಏನಾದರೊಂದು ಕೇಳಿದ್ದರು. ಕಿಟಕಿ ಇದೆಯಾ. ಹೊದಿಕೆ ನಾವೇ ತರಬೇಕಾ. ಆ ನೀಲಿ ಟಾರ್ಪಾಲು ಯಾಕೆ ಸುತ್ತ ಕಟ್ಟಿದಾರೆ, ಒಳಗೆ ಏನು ಮುಚ್ಚಿಡ್ತಿದಾರೆ. ಒಬ್ಬ ಮುದುಕ, "ನಾನು ಮಾವನ ಮನೆಗೆ ಹೆಣ್ಣು ನೋಡೋಕೆ ಹೋದಾಗ್ಲೂ ಒಳಗೆ ಬಿಟ್ಟಿದ್ರಮ್ಮ, ನೀವು ಬಿಡಲ್ವಲ್ಲ," ಎಂದಿದ್ದ. ಅವನ ಫಾರಂ ಮೇಲೂ ಕೆಂಪು ಮೂರು ಇತ್ತು.

ಅರವತ್ತನಾಲ್ಕು ಮನೆಯವರು ಕೇಂದ್ರ ಬೇಡ ಎಂದಿರಲಿಲ್ಲ. ನೋಡಬೇಕು ಎಂದಿದ್ದರು. ಎಪ್ಪತ್ತೊಂದು ಎಂದು ಅವಳು ಕೊಟ್ಟದ್ದು ನಿಜಕ್ಕೂ ಮೂವತ್ತೊಂದು. ಇದು ಸಾಲದೆಂಬಂತೆ, ನಾಳೆ ಬೆಳಗಿನ ಸಭೆಯ ಪಟ್ಟಿಯಲ್ಲಿ ಮೊದಲನೆಯ ವಿಷಯವೇ 'ನಿರಾಕರಿಸುವ ಬೀದಿಗಳಿಂದ ಪೊಲೀಸರ ನೆರವಿನಲ್ಲಿ ರೋಗಿಗಳ ಸ್ಥಳಾಂತರ' ಎಂಬುದಾಗಿತ್ತು. ಅದಕ್ಕೆ ಲಗತ್ತಿಸಿದ ಬೀದಿಗಳ ಪಟ್ಟಿ ಅವಳದೇ. ಮೊದಲ ಹೆಸರು ಗೂಡ್ಸ್ ಶೆಡ್ ಹಿಂದಿನ ಬೀದಿ. ಸುಮ್ಮನಿದ್ದರೆ ನಾಡಿದ್ದು ಆ ಮನೆಗಳ ಬಾಗಿಲಿಗೆ ಲಾಠಿ ಬರುತ್ತದೆ. ಹೇಳಬೇಕಾದರೆ ಯಾರು ಕೆಂಪು ಗೆರೆ ಎಳೆದರು ಎಂದೂ ಹೇಳಬೇಕು.

ಸಂಜೆ ಮನೆಯಲ್ಲಿ ಅಮ್ಮ ಬಟ್ಟೆ ಮಡಿಸುತ್ತ ಅವಳನ್ನೇ ಗಮನಿಸುತ್ತಿದ್ದಳು. "ಏನಾಗಿದೆ ನಿಂಗೆ? ಮುಖ ಹರಳೆಣ್ಣೆ ಕುಡಿದ ಹಾಗಿದೆ."

"ಏನಿಲ್ಲ. ಕೆಲಸ."

ಹನ್ನೆರಡು ವರ್ಷದ ಮಗಳು ತಿಂಗಳಿಂದ ಮನೆಯೊಳಗೇ ಕೂತು ಬೇಸತ್ತಿದ್ದಳು. "ಅಮ್ಮ, ಭಾನುವಾರ ಕೆರೆ ತನಕ ನಡ್ಕೊಂಡ್ ಹೋಗೋಣ್ವಾ? ಯಾರೂ ಇರಲ್ಲ ಅಲ್ಲಿ."

"ನೋಡೋಣ," ಎಂದಳು ಕೋಡಕ್ಕ.

"ಅಂದ್ರೆ ಇಲ್ಲ ಅಂತ," ಎಂದು ಮಗಳು ಅಜ್ಜಿಯ ಕಡೆ ತಿರುಗಿ ಕಣ್ಣು ಮಿಟುಕಿಸಿದಳು. ಅಜ್ಜಿ ಮೊಮ್ಮಗಳು ಇಬ್ಬರೂ ನಕ್ಕರು. ಕೋಡಕ್ಕ ತಟ್ಟೆ ತೆಗೆದುಕೊಂಡು ಒಳಗೆ ಹೋಗಿ, ಅದನ್ನು ತೊಳೆದು, ತೊಳೆದದ್ದನ್ನೇ ಮತ್ತೊಮ್ಮೆ ತೊಳೆದಳು. ತಾನು ಅಂದದ್ದು ಯಾವ ನೋಡೋಣ ಎಂದು ಅವಳಿಗೇ ಗೊತ್ತಿರಲಿಲ್ಲ. ಮಲಗುವ ಮುಂಚೆ ನಾಳೆ ಹೇಳಬೇಕಾದ ವಾಕ್ಯವನ್ನು ಒಂದು ಚೀಟಿಯಲ್ಲಿ ಬರೆದುಕೊಂಡಳು: 'ಆಪರೇಟರಮ್ಮ ಸರಿಯಾಗಿ ಬರೆದದ್ದನ್ನು ನಾನು ತಪ್ಪಾಗಿ ತಿದ್ದಿದೆ.' ಆರೇ ಪದ. ಕಷ್ಟದ್ದೇನಲ್ಲ.

ಸಭೆ ಎಂಟು ಗಂಟೆಗೆ. ಉದ್ದ ಮೇಜಿನ ಸುತ್ತ ಮುಖ್ಯ ವೈದ್ಯರು, ನರ್ಸುಗಳ ಮುಖ್ಯಸ್ಥೆ, ಪೊಲೀಸ್ ಅಧಿಕಾರಿ, ನಗರಸಭೆಯವರು. ಗೋಡೆಗೆ ಒರಗಿಸಿದ ಬೆಂಚಿನ ಮೇಲೆ ಸಮೀಕ್ಷೆಯವರು. ಎಲ್ಲರ ಮುಖಕ್ಕೂ ಮಾಸ್ಕು, ಕಣ್ಣು ಮಾತ್ರ ಕಾಣುತ್ತಿತ್ತು. ಪೊಲೀಸ್ ಅಧಿಕಾರಿ ಪಟ್ಟಿ ಬಿಡಿಸಿ ಗೂಡ್ಸ್ ಶೆಡ್ ಎಂದು ಬಾಯಿ ತೆರೆಯುವಷ್ಟರಲ್ಲಿ ಕೋಡಕ್ಕ ಎದ್ದು ನಿಂತಳು. ಚೀಟಿ ಮುಷ್ಟಿಯಲ್ಲಿತ್ತು.

"ಸರ್, ಒಂದ್ನಿಮಿಷ. ವರ್ಗೀಕರಣದಲ್ಲಿ ಸಣ್ಣದೊಂದು ಪರಿಷ್ಕರಣೆ ಆಗಿದೆ," ಎಂದಳು.

ನಮ್ಮ ಮಾತಿನಲ್ಲಿ ಈ 'ಆಗಿದೆ' ಬಲು ಉಪಕಾರಿ. ಯಾರೂ ಏನೂ ಮಾಡದೆಯೇ ಎಲ್ಲವೂ ಆಗಿಬಿಡುತ್ತದೆ. ಲೋಟ ಒಡೆದುಹೋಗುತ್ತದೆ, ಕಾಗದ ಕಳೆದುಹೋಗುತ್ತದೆ, ಮೂವತ್ತೊಂದು ಎಪ್ಪತ್ತೊಂದಾಗುತ್ತದೆ. ಒಮ್ಮೆ ಆ ದಾರಿ ಹಿಡಿದ ಮೇಲೆ ಕೋಡಕ್ಕನ ನಾಲಿಗೆ ಸರಾಗವಾಗಿ ಓಡಿತು. ಹೆಚ್ಚಿನ ವಿಶ್ಲೇಷಣೆಯಿಂದ ಕಂಡುಬಂದಿದೆ ಎಂದಳು. ನಿರಾಕರಣೆ ಎಂದು ದಾಖಲಾದದ್ದರಲ್ಲಿ ಬಹುಪಾಲು ಕೇಂದ್ರವನ್ನು ಕಣ್ಣಾರೆ ನೋಡಬೇಕೆಂಬ ಬೇಡಿಕೆ ಎಂದಳು. ಟಾರ್ಪಾಲಿನ ಬದಲು ಒಳಗೆ ಕಾಣುವಂಥ ವ್ಯವಸ್ಥೆ ಆದರೆ ಜನ ತಾವಾಗಿ ಬರುತ್ತಾರೆ, ಪೊಲೀಸರ ಅಗತ್ಯ ಇರುವುದಿಲ್ಲ ಎಂದಳು. ಎಲ್ಲವೂ ನಿಜ.

ಮುಖ್ಯ ವೈದ್ಯರು ಅಂಗೈಯಿಂದ ಮೇಜು ತಟ್ಟಿದರು. "ಇದು ನೋಡ್ರಿ ಕೆಲಸ ಅಂದ್ರೆ. ನಾವು ಇಪ್ಪತ್ತು ದಿನ ಔಷಧಿ ಔಷಧಿ ಅಂತ ಬಡ್ಕೋತಿದೀವಿ. ಜನ ಕೇಳ್ತಿರೋದು ಕಿಟಕಿ. ಇದನ್ನ ಕಂಡುಹಿಡಿಯೋಕೆ ಇವರೇ ಬೇಕಾಯ್ತು." ಪೊಲೀಸ್ ಅಧಿಕಾರಿ ನಿರಾಳವಾಗಿ ಪಟ್ಟಿ ಮಡಿಸಿದ. ಗಾಡಿ ಮತ್ತೆ ಗೂಡ್ಸ್ ಶೆಡ್ ಮೂಲೆಗೆ ಹೋಗಬೇಕು, ಟಾರ್ಪಾಲಿಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ಕಿಟಕಿಗಳನ್ನು ಕೂಡಿಸಬೇಕು, ಸಂಜೆ ನಾಲ್ಕರಿಂದ ಆರರವರೆಗೆ ಯಾರು ಬೇಕಾದರೂ ಬಂದು ನೋಡಬಹುದು ಎಂದು ತೀರ್ಮಾನವಾಯಿತು. ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. 'ಮೌನವಾಗಿರಿ' ಫಲಕದ ಕೆಳಗೆ ಬೆಂಚಿನ ಮೇಲೆ ಕೂತಿದ್ದ ಆಪರೇಟರಮ್ಮನೂ ಎರಡು ಸಲ ತಟ್ಟಿ ಕೈಯನ್ನು ಮಡಿಲಲ್ಲಿಟ್ಟುಕೊಂಡರು. ಕೋಡಕ್ಕನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಮುಷ್ಟಿಯಲ್ಲಿದ್ದ ಚೀಟಿ ಬೆವರಿಗೆ ನೆನೆದು ಮುದ್ದೆಯಾಗಿತ್ತು.

ಸಭೆ ಮುಗಿದ ಮೇಲೆ ಪುಸ್ತಕದ ಬೀರುಗಳನ್ನು ಒತ್ತರಿಸಿಟ್ಟಿದ್ದ ಕಾರಿಡಾರಿನಲ್ಲಿ ಆಪರೇಟರಮ್ಮ ಎದುರಾದರು.

"ಒಳ್ಳೇದಾಯ್ತು ಬಿಡಿ ಮೇಡಂ," ಎಂದರು. ದನಿಯಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಕೋಡಕ್ಕನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ನೀವು ಅವತ್ತೇ ಬರೆದಿದ್ರಿ," ಎಂದಳು ಕೋಡಕ್ಕ.

"ಬರೆದಿದ್ದೆ."

"ನಾನು ಹೊಡೆದುಹಾಕ್ದೆ. ಅಲ್ಲಿ ಅದನ್ನ ಹೇಳ್ಬೇಕು ಅಂತಲೇ ಎದ್ದೆ. ಬಾಯಿಗೆ ಬರಲಿಲ್ಲ."

ಆಪರೇಟರಮ್ಮ ಬೀರುವಿನ ಗಾಜಿನ ಮೇಲಿದ್ದ ಧೂಳನ್ನು ಬೆರಳಿಂದ ಒರೆಸಿದರು. "ನೋಡೋಣ ಅನ್ನೋದನ್ನ ಎಳೆದು ಅಂದ್ರೆ ಬೇಡ ಅಂತ, ಕಡಿದು ಅಂದ್ರೆ ನೋಡ್ಬೇಕು ಅಂತ. ಫೋನಲ್ಲಿ ಮುಖ ಕಾಣಲ್ವಲ್ಲ, ದನೀಲೇ ಗೊತ್ತಾಗ್ಬೇಕಿತ್ತು ನಮಗೆ. ನಾನೂ ಅವತ್ತು ಇನ್ನೊಂದ್ಸಲ ಹೇಳ್ಬಹುದಿತ್ತು. ಎಲ್ಲರೂ ನಗ್ತಿದ್ರು, ಸುಮ್ಮನಾದೆ."

"ಆ ಹೊಲಿಗೆ ಮನೆಯ ಟೈಲರಮ್ಮ…"

"ಹೋಗಿದ್ದೆ, ಅವರ ಯಜಮಾನ್ರು ತೀರ್ಕೊಂಡ ಮೇಲೆ. ಹೊರಗಿನಿಂದಲೇ ಮಾತಾಡಿಸಿ ಬಂದೆ. ಏನಾಯ್ತು ಅಂತ ನಾನು ಹೇಳಲಿಲ್ಲ. ನಾನು ಬರೆದಿದ್ದು ಸರಿ ಇತ್ತು ಅಂತ ನಾನೇ ಹೇಳಿದ್ರೆ ನಿಮ್ಮನ್ನ ಮುಂದೆ ತಳ್ಳಿ ನಾನು ಕೈ ತೊಳ್ಕೊಂಡ ಹಾಗೆ." ಅಷ್ಟು ಹೇಳಿ, ಹೊರಡಬೇಕು, ಇವತ್ತು ಹದಿನಾರು ಮನೆ ಇದೆ ಎಂದು ಚೀಲ ಹೆಗಲಿಗೇರಿಸಿದರು.

ಕೋಡಕ್ಕ ಒಳಗೆ ಹೋಗಿ ಮುಖ್ಯ ವೈದ್ಯರ ಮೇಜಿನ ಮುಂದೆ ನಿಂತು ಎಲ್ಲವನ್ನೂ ಹೇಳಿದಳು, ಈ ಸಲ 'ನಾನು' ಎಂದೇ. ಅವರು ಫೋನು ಕಿವಿಗಿಟ್ಟುಕೊಂಡೇ ಕೇಳಿ, "ಆಯ್ತಲ್ಲ, ಸರಿಯಾಯ್ತಲ್ಲ ಈಗ. ತಲೆ ಕೆಡಿಸ್ಕೋಬೇಡಿ," ಎಂದು ಫೋನಿನಲ್ಲಿದ್ದವರೊಡನೆ ಮಾತು ಮುಂದುವರಿಸಿದರು. ಸತ್ತವರ ಕಡತದ ಕೊನೆಯ ಅಂಕಣವನ್ನಾದರೂ ಸರಿಪಡಿಸೋಣವೆಂದು ಹೋದರೆ, ಆ ಕಡತ ಮೇಲಿನ ಕಚೇರಿಗೆ ಹೋಗಿಯಾಗಿತ್ತು.

ಎರಡು ದಿನ ಅವಳು ಗೂಡ್ಸ್ ಶೆಡ್ ಕಡೆ ಹೋಗದಿರಲು ಕಾರಣಗಳನ್ನು ಹುಡುಕಿದಳು. ಇಪ್ಪತ್ತೆರಡನೆಯ ದಿನ ಮಧ್ಯಾಹ್ನ ಕಾರಣಗಳು ಮುಗಿದವು. ಒಬ್ಬಳೇ ನಡೆದುಹೋದಳು. ಮೂಲೆಯಲ್ಲಿ ಗಾಡಿ ನಿಂತಿತ್ತು. ಅದರ ಡ್ರೈವರು ಗುರುತು ಹಿಡಿದು ಕೈಯೆತ್ತಿದ. ಅವಳು ತಲೆ ತಗ್ಗಿಸಿಕೊಂಡು ಮುಂದೆ ಹೋದಳು.

ಐವತ್ತೆರಡನೆಯ ಮನೆಯ ಮುಂದಿನ ಕೋಣೆಯೇ ಅಂಗಡಿ. ಬಾಗಿಲು ತೆರೆದಿತ್ತು. ಕೊರಳಿಗೆ ಟೇಪು ಹಾಕಿಕೊಂಡ ದಪ್ಪಗಿನ ಹೆಂಗಸೊಬ್ಬಳು ಯಂತ್ರದ ಮುಂದೆ ಕೂತಿದ್ದಳು. ಅದರ ಮೇಲೂ ನೆಲದ ಮೇಲೂ ನೀಲಿ ಟಾರ್ಪಾಲು ಅಲೆಅಲೆಯಾಗಿ ಬಿದ್ದಿತ್ತು. ಒಂದು ಬದಿಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ಸುರುಳಿ. ಕೇಂದ್ರದ ಕಿಟಕಿಗಳ ಹೊಲಿಗೆಯನ್ನು ಊರಿನ ನಾಲ್ಕೈದು ದರ್ಜಿಗಳಿಗೆ ಹಂಚಿದ್ದಾರೆಂದು ಕೋಡಕ್ಕನಿಗೆ ಗೊತ್ತಿತ್ತು. ಇಲ್ಲಿಗೂ ಬಂದಿರಬಹುದೆಂದು ಹೊಳೆದಿರಲಿಲ್ಲ.

"ಸಂಜೆಗೆ ಆಗುತ್ತೆ ಅಂತ ಹೇಳಿದ್ನಲ್ಲ," ಎಂದಳು ಟೈಲರಮ್ಮ ತಲೆಯೆತ್ತದೆ. ರೆಕಾರ್ಡಿಂಗಿನಲ್ಲಿ ಕೇಳಿದ ಅದೇ ದನಿ.

"ಅದಕ್ಕಲ್ಲ ಬಂದಿದ್ದು." ಕೋಡಕ್ಕ ಹೊಸ್ತಿಲಾಚೆಯೇ ನಿಂತಳು. "ಆವತ್ತು ಒಬ್ಬರು ಬಂದು ಪ್ರಶ್ನೆ ಕೇಳಿದ್ರಲ್ಲ, ಅವರ ಮೇಲಿನವಳು ನಾನು. ನೀವು ನೋಡೋಣ ಅಂದಿದ್ರಿ. ಅವರು ಒಪ್ಪಿದಾರೆ ಅಂತ ಬರೆದಿದ್ರು. ನಾನು ಅದನ್ನ ಹೊಡೆದುಹಾಕಿ, ಬೇಡ ಅಂದ್ರು ಅಂತ ಬರೆದೆ. ಇಡೀ ಬೀದಿಗೆ ಹಾಗೇ ಬರೆದೆ. ಅದನ್ನ ನೋಡಿ ಗಾಡಿ ತೆಗೆದ್ರು."

ಯಂತ್ರ ನಿಂತಿತು. ಈ ಸಲ ಹಿಂದಕ್ಕೆ ಓಡಿಸಲು ಗುಂಡಿ ಇರಲಿಲ್ಲ.

"ಆಯಮ್ಮ ಸರಿಯಾಗೇ ಬರ್ಕೊಂಡ್ಲು," ಎಂದಳು ಟೈಲರಮ್ಮ. "ಬರೆದಿದ್ದನ್ನ ಓದಿ ಹೇಳಿದ್ಲು ನಂಗೆ. ಅದಕ್ಕೇ ಯಾರಾದ್ರೂ ಬಂದು ಕರ್ಕೊಂಡ್ ಹೋಗಿ ತೋರಿಸ್ತಾರೆ ಅಂತ ಎರಡು ದಿನ ಒಳ್ಳೇ ಸೀರೆ ಉಟ್ಕೊಂಡೇ ಕೂತಿದ್ದೆ. ಇವರು ತಮಾಷೆ ಮಾಡಿದ್ರು, ಮದ್ವೆಗೆ ಹೊರಟೋಳ ಹಾಗೆ ಕಾಣ್ತೀಯ ಅಂತ. ಆಮೇಲೆ ಇವರಿಗೇ ಜ್ವರ ಬಂತು. ಯಾರೂ ಬರಲಿಲ್ವಲ್ಲ, ತೋರಿಸೋಕೆ ಕೇಂದ್ರದೋರಿಗೇ ಇಷ್ಟ ಇಲ್ವೇನೋ, ಒಳಗೆ ಏನೋ ಇದೆ ಅಂತ ಒಂದು ದಿನ ನಾನೇ ತಡೆದೆ. ಒಂದು ದಿನ. ಇಷ್ಟು ದಿನವೂ ನಂದೇ ತಪ್ಪು ಅಂತ ತಿಳ್ಕೊಂಡಿದ್ದೆ."

"ನಿಮ್ಮದಲ್ಲ," ಎಂದಳು ಕೋಡಕ್ಕ. "ನಂದು."

ಗೋಡೆಯ ಹಲಗೆಯ ಮೇಲೆ ಕತ್ತರಿಸಿ ಮಡಿಸಿಟ್ಟ ಬಟ್ಟೆಗಳಿದ್ದವು. ಅವುಗಳ ಮೇಲೆ ಬಿಳಿ ಸೀಮೆಸುಣ್ಣದ ಗೆರೆಗಳು, ತೋಳು ಇಲ್ಲಿ, ಕಂಕುಳು ಇಲ್ಲಿ ಎಂದು ಓರೆಯಾದ ಅಕ್ಷರಗಳು. ಟೈಲರಮ್ಮನ ಕಣ್ಣು ಒಂದು ಕ್ಷಣ ಅತ್ತ ಹೋಗಿ ಮರಳಿತು. "ಕತ್ತರಿಸೋರು ಅವರು, ಹೊಲಿಯೋಳು ನಾನು. ಮೂವತ್ತು ವರ್ಷ ಹಾಗೇ ನಡೀತು. ನಂಗೆ ನೇರವಾಗಿ ಕತ್ತರಿಸೋಕೆ ಬರಲ್ಲ. ಇದು ಬೇರೆ ಜಾರುತ್ತೆ." ಸುರುಳಿಯಿಂದ ಪ್ಲಾಸ್ಟಿಕ್ಕಿನ ಉದ್ದ ತುಂಡೊಂದನ್ನು ಎಳೆದು ಎದ್ದಳು. "ಒಳಗೆ ಬನ್ನಿ. ಇದನ್ನ ಎರಡು ಕೈಯಲ್ಲಿ ಹಿಡ್ಕೊಳಿ, ಬಾಗಿಲಿಗೆ ಅಡ್ಡಲಾಗಿ."

ಕೋಡಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದು ಹಿಡಿದುಕೊಂಡಳು. ಕೈ ಮೇಲೆತ್ತಿ ಹಿಡಿದಾಗ ಪ್ಲಾಸ್ಟಿಕ್ಕು ಅವಳ ಮುಖದ ಮುಂದೆ ಇಳಿಬಿತ್ತು. ಟೈಲರಮ್ಮ ಆಚೆ ಬದಿಗೆ ಹೋಗಿ ನಿಂತಳು.

"ಕಾಣ್ತೀನಾ?"

"ಕಾಣ್ತೀರಿ."

"ಕೆಳಗಿಳಿಸಿ. ಒಳಗಿರೋರು ನಿಂತಿರಲ್ಲ, ಮಲಗಿರ್ತಾರೆ."

ಕೋಡಕ್ಕ ಕೈ ಇಳಿಸಿದಳು. "ಇನ್ನೂ," ಎಂದಳು ಟೈಲರಮ್ಮ. ಕೋಡಕ್ಕ ಮೊಣಕಾಲು ಮಡಿಸಿದಳು. "ಇನ್ನೂ." ಕೋಡಕ್ಕ ಟಾರ್ಪಾಲಿನ ರಾಶಿಯ ನಡುವೆ ನೆಲದ ಮೇಲೆ ಕುಕ್ಕರಿಸಿ ಕೂತಳು. ಅವಳ ಕೊರಳಲ್ಲಿ ತೂಗುತ್ತಿದ್ದ ಕೆಂಪು ಪೆನ್ನು ನೆಲಕ್ಕೆ ತಾಗಿತು. ಆಚೆ ಬದಿಯಲ್ಲಿ ಟೈಲರಮ್ಮನೂ ಬಗ್ಗಿ, ಪ್ಲಾಸ್ಟಿಕ್ಕಿನ ಮೂಲಕ ಅವಳ ಕಣ್ಣುಗಳನ್ನು ಸ್ವಲ್ಪ ಹೊತ್ತು ನೋಡಿದಳು. ಎರಡೂ ಕೈ ಹಿಡಿದಿದ್ದರಿಂದ ಕೋಡಕ್ಕನಿಗೆ ಮುಖ ಮುಚ್ಚಿಕೊಳ್ಳಲು ಆಗಲಿಲ್ಲ. ಆಮೇಲೆ ಟೈಲರಮ್ಮ ಹಲಗೆಯ ಮೇಲಿಂದ ಸವೆದ ಸೀಮೆಸುಣ್ಣದ ತುಂಡು ತೆಗೆದುಕೊಂಡು, ಆ ಕಣ್ಣುಗಳ ಮಟ್ಟಕ್ಕೆ ಸರಿಯಾಗಿ, ಪ್ಲಾಸ್ಟಿಕ್ಕಿನ ಮೇಲೆ ನಿಧಾನವಾಗಿ ಒಂದು ಗೆರೆ ಎಳೆದಳು.